ಓಗೊಡದ ಮನೆ

ಆ ಊರಿಗೊಂದು ಹೆಸರಿತ್ತು. ಈಗ ಅದು ಯಾರ ಬಾಯಲ್ಲೂ ಇಲ್ಲ. ಒಂದು ಕಡೆ ಹೊಳೆ, ಒಂದು ಕಡೆ ಕಲ್ಲುಗುಡ್ಡ, ನಡುವೆ ಊರು. ಊರ ನಡುವೆ ಪೇಟೆ. ಪೇಟೆಯ ನಡುವೆ ಪುರಸಭೆ.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ದೀಪ ಹಚ್ಚುವ ಹೊತ್ತಿಗೆ ಪ್ರತಿ ಮನೆಯಲ್ಲೂ ಒಬ್ಬರು ಒಳಗಿರಬೇಕು, ಒಬ್ಬರು ಹೊರಗಿರಬೇಕು. ಒಳಗಿನವರು ಬಾಗಿಲಿಗೆ ಬಂದು ಹೊರಗಿನವರನ್ನು ಊಟಕ್ಕೆ ಕರೆಯಬೇಕು. ಹೊರಗಿನವರು "ಬಂದೆ" ಅನ್ನಬೇಕು. ಅಷ್ಟೇ. ಕರೆದು ಓಗೊಟ್ಟರೆ ಅದು ಮನೆ. ಇಲ್ಲದಿದ್ದರೆ ಬರೀ ಗೋಡೆ.

ಒಳಗೆ ಯಾರು ಹೊರಗೆ ಯಾರು ಅನ್ನುವುದು ಮದುವೆಯ ದಿನವೇ ತೀರ್ಮಾನ ಆಗುತ್ತಿತ್ತು. ಗಂಡು ಹೆಣ್ಣು ಇಬ್ಬರನ್ನೂ ಹೊಸ್ತಿಲ ಮೇಲೆ ನಿಲ್ಲಿಸಿ ಹಿರಿಯರು ಕೇಳುತ್ತಿದ್ದರು. ಯಾರು ಮೊದಲು ಬಾಯಿ ಬಿಟ್ಟರೋ ಅವರ ಮಾತು. ಆಮೇಲೆ ಬದುಕಿರುವ ತನಕ ಒಳಗಿನವರು ಒಳಗಿನವರೇ, ಹೊರಗಿನವರು ಹೊರಗಿನವರೇ. ಯಾಕೆ ಹಾಗೆ ಅಂತ ಯಾರೂ ಕೇಳಿದವರಲ್ಲ. ಹೊಳೆ ಯಾಕೆ ಹರಿಯುತ್ತದೆ ಅಂತ ಕೇಳುತ್ತೇವಾ? ಹಾಗೆ.

ಪುರಸಭೆಗೆ ಒಬ್ಬ ಕಿವಿಗಾರನಿದ್ದ. ಕಿವಿಯಲ್ಲಿ ಹಿತ್ತಾಳೆಯ ಒಂಟಿ, ಪುರಸಭೆ ತೊಡಿಸಿದ್ದು. ಕೈಯಲ್ಲಿ ಕೆಮ್ಮಣ್ಣು ಕಲಸಿದ ಕುಡಿಕೆ. ಹೆಗಲ ಮೇಲೆ ಒದ್ದೆ ಬಟ್ಟೆ. ದೀಪದ ಹೊತ್ತಿಗೆ ಅವನು ಬೀದಿ ಬೀದಿ ನಡೆಯುತ್ತಿದ್ದ. ಒಬ್ಬನೇ ಇಡೀ ಊರಿನ ಕರೆ ಹೇಗೆ ಕೇಳುತ್ತಾನೆ ಅಂದರೆ, ಅದಕ್ಕೇ ಅವನು ಕಿವಿಗಾರ. ಕರೆ ಬಾರದ ಮನೆಯ ಬಾಗಿಲಿಗೆ, ಕರೆ ಬಂದೂ ಓಗೊಡದ ಮನೆಯ ಬಾಗಿಲಿಗೆ, ಅವನು ಒಂದು ಕೆಂಪು ಬೊಟ್ಟು ಇಡುತ್ತಿದ್ದ. ಮತ್ತೆ ಕರೆದು ಓಗೊಟ್ಟ ದಿನ ಎಲ್ಲ ಬೊಟ್ಟನ್ನೂ ಒರೆಸುತ್ತಿದ್ದ. ಬೊಟ್ಟು ನೂರಾದರೆ ಅದು ಮೂಕಮನೆ. ಮೂಕಮನೆ ಪುರಸಭೆಗೆ ಸೇರಿದ್ದು. ಅದನ್ನು ಕೆಡವಬಹುದು, ಅದರ ಜಾಗದಲ್ಲಿ ಬೇಕಾದ್ದು ಕಟ್ಟಬಹುದು. ಕರೆಯುವ ಮನೆಯ ಒಂದು ಹೆಂಚು ಮುಟ್ಟುವ ಹಾಗಿಲ್ಲ.

ಸುಣ್ಣದ ಬೀದಿಯಲ್ಲಿ ಒಬ್ಬ ಗಾರೆಯವನಿದ್ದ. ಗೋಡೆಗೆ ಸುಣ್ಣದ ಗಾರೆ ಹಚ್ಚುವುದು ಅವನ ಕೆಲಸ. ಪುರಸಭೆಯ ಗೋಡೆಗೆ ಮುಖ ಕಾಣುವಷ್ಟು ನುಣುಪು ತಂದವನು ಅವನೇ. ಅವನ ಮದುವೆಯ ದಿನ ಹಿರಿಯರು ಕೇಳಿದಾಗ ಅವನು ಇನ್ನೂ ಯೋಚಿಸುತ್ತಿದ್ದ. ಅವಳು "ನಾನು ಒಳಗೆ" ಅಂದೇಬಿಟ್ಟಳು. ಜನ ನಕ್ಕರು. ಅವನೂ ನಕ್ಕ. ಅವತ್ತಿಂದ ಅವನು ಹೊರಗಿನವನು.

ನಲವತ್ತೊಂದು ವರ್ಷ ಅವಳು ಅವನನ್ನು ಕರೆದಳು.

ಆಗ ದೀಪದ ಹೊತ್ತಿಗೆ ಊರು ಹೇಗಿತ್ತು! ಅಕ್ಕಸಾಲಿಗರ ಓಣಿಯಲ್ಲಿ ಗುಟ್ಟು ಹೇಳಿದ ಹಾಗೆ ಮೆಲ್ಲಗೆ ಕರೆಯುತ್ತಿದ್ದರು. ಗಾಣದ ಬೀದಿಯಲ್ಲಿ ಜಗಳಕ್ಕೆ ಕರೆದ ಹಾಗೆ. ಮಗ್ಗದ ಕೇರಿಯಲ್ಲಿ ಎಳೆ ಎಳೆಯಾಗಿ, ಉದ್ದಕ್ಕೆ. ಬೀದಿಯಿಂದ ಬೀದಿಗೆ ಕರೆ ಹೋಗುತ್ತಿತ್ತು. ಬೀದಿಯಿಂದ ಬೀದಿಗೆ "ಬಂದೆ" "ಬಂದೆ" ಬರುತ್ತಿತ್ತು. ಹೊಳೆಯ ಆಚೆ ದನ ಮೇಯಿಸುವವರಿಗೆ ಊರೇ ಉಸಿರಾಡಿದ ಹಾಗೆ ಕೇಳುತ್ತಿತ್ತಂತೆ.

ಸುಣ್ಣದ ಬೀದಿಯ ಕೊನೆಗೆ ಒಂದು ಕಲ್ಲಿತ್ತು. ಕೆಲಸದಿಂದ ಬಂದ ಗಾರೆಯವ ಬೀದಿಗೆ ಬೆನ್ನು ಮಾಡಿ ಅದರ ಮೇಲೆ ಕೂರುತ್ತಿದ್ದ. ಬೆರಳ ಸಂದಿಯಲ್ಲಿ ಒಣಗಿದ ಸುಣ್ಣ ಕೆರೆದುಕೊಳ್ಳುತ್ತಿದ್ದ. ಅವಳು ಬಾಗಿಲಿಗೆ ಬರುತ್ತಿದ್ದಳು. ಅವಳು ಅವನ ಹೆಸರು ಹೇಳುತ್ತಿರಲಿಲ್ಲ.

"ಇವರೇ... ಬಿಸಿ ಆರ್ತದೆ."

ಅವನು ಸುಮ್ಮನಿರುತ್ತಿದ್ದ.

"ಇವರೇ, ಬಿಸಿ ಆರ್ತದೆ ಅಂದೆ."

ಸುಮ್ಮನಿರುತ್ತಿದ್ದ.

"ಇವರೇ! ಕಿವಿಗೂ ಗಾರೆ ಮೆತ್ಕೊಂಡ್ರಾ?"

ಆಗ ಅವನು "ಬಂದೆ" ಅಂತ ಏಳುತ್ತಿದ್ದ. ದಿನಕ್ಕೆ ಮೂರು ಸಲ. ನಲವತ್ತೊಂದು ವರ್ಷ. ಮೊದಲ ಸಲಕ್ಕೇ ಎದ್ದರೆ ಉಳಿದ ಎರಡು ಕರೆ ಸಿಗುವುದಿಲ್ಲವಲ್ಲ, ಅದಕ್ಕೆ. ಈ ಆಸೆ ಅವನು ಯಾರಿಗೂ ಹೇಳಿರಲಿಲ್ಲ. ಮೂಲೆಯಲ್ಲಿ ಪಕ್ಕದ ಮನೆ ಬಳೆಗಾರ್ತಿಯ ಅಂಗಡಿ ಅಡ್ಡ ಇದೆ, ತಾನು ಇಲ್ಲಿ ಕೂತು ಕೇಳುವುದು ಹೆಂಡತಿಗೆ ಕಾಣುವುದಿಲ್ಲ ಅಂತ ಅವನ ಲೆಕ್ಕ.

ಅವಳು ತೀರಿಹೋದಳು. ಬಾಗಿಲಿಗೆ ಬೊಟ್ಟು ಬೀಳತೊಡಗಿದವು. ಮೊದಮೊದಲು ಒಂದು ಬದಿಗೆ, ಆಮೇಲೆ ಮೇಲಿನ ಅಡ್ಡಪಟ್ಟಿಗೆ, ಆಮೇಲೆ ಇನ್ನೊಂದು ಬದಿಗೆ. ದೂರದಿಂದ ನೋಡಿದವರಿಗೆ ಮದುವೆ ಮನೆಯ ಬಾಗಿಲಿನ ಹಾಗೆ ಕಾಣುತ್ತಿತ್ತು.

ಬೊಟ್ಟು ತೊಂಬತ್ತೊಂದಾದ ದಿನ ಡಂಗುರ ಬಂತು.

"ಕೇಳ್ರಪ್ಪೋ ಕೇಳಿ! ಇನ್ನು ಒಂಬತ್ತು ಸಂಜೆ ಕಳೆದ ಬೆಳಗ್ಗೆ ಪುರಸಭೆ ಕೂರುತ್ತೆ. ಮೂರು ಮಾತು ಇತ್ಯರ್ಥ. ಹೊಳೆ ಆಚೆ ಮಾಳಿಗೆ ಮೇಲೆ ಮಾಳಿಗೆ ಇಟ್ಟು ಹೊಸ ಮನೆ ಕಟ್ಟೋದು. ಪೇಟೆ ಚೌಕಕ್ಕೆ ಕಲ್ಲು ಹಾಸಿ ಗಡಿಯಾರದ ಗೋಪುರ ಎತ್ತೋದು. ಚೌಕಕ್ಕೆ ಗಾಡಿ ಬರೋಕೆ ಸುಣ್ಣದ ಬೀದಿ ಒಡೆದು ದಾರಿ ಬಿಡೋದು. ಕೇಳ್ರಪ್ಪೋ!"

ಸುಣ್ಣದ ಬೀದಿಯಲ್ಲಿ ಹದಿಮೂರು ಮನೆ. ಹನ್ನೆರಡು ಕರೆಯುವ ಮನೆ. ಒಡೆಯುವುದು ಯಾವುದನ್ನು ಅಂತ ಡಂಗುರದವ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಪಕ್ಕದ ಮನೆ ಬಳೆಗಾರ್ತಿ ಅವತ್ತೇ ಬಂದಳು. ಅವಳ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು.

"ಏನ್ ಗಾರೆಯಣ್ಣ, ಡಂಗುರ ಕೇಳಿಸ್ತಾ?"

"ಕೇಳಿಸ್ತು."

"ನಿನ್ನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ನಿನ್ನದು ಬಿದ್ದರೆ ನನ್ನ ಅಡುಗೆಮನೆ ಬೀದೀಲಿ ನಿಲ್ಲುತ್ತೆ. ಗಾಡಿ ಹೊಡೆಯೋರು ನನ್ನ ಒಲೆಯಲ್ಲೇ ಬೀಡಿ ಹಚ್ಕೊಂಡು ಹೋಗ್ತಾರೆ."

ಅವನು ನಗಲಿಲ್ಲ.

"ನಿನ್ನನ್ನ ಹೊಳೆ ಆಚೆ ಹಾಕ್ತಾರಂತೆ. ಮೂರನೇ ಮಾಳಿಗೆ. ಅಲ್ಲಿಂದ ಊಟಕ್ಕೆ ಕರೆದರೆ ಮನುಷ್ಯರು ಬರ್ತಾರಾ? ಹದ್ದು ಬರುತ್ತೆ. ಈ ಮನೇಲಿ ಅವಳು ಬಾಳಿದ್ದಾಳೆ. ಒಂದು ಸಲ ಬಂದೆ ಅನ್ನೋಕೆ ನಿನಗೆ ಏನು ಕಷ್ಟ?"

"ಕರೆಯೋರು ಯಾರು?"

"ನಾನು ಕರೀತೀನಿ. ನಾಳೆ ನಿನ್ನ ಒಲೆ ಮೇಲೆ ಅನ್ನ ಇಡ್ತೀನಿ. ನನ್ನ ಗಂಡನ್ನ ಕರೆಯೋಕೆ ನನ್ನ ಸೊಸೆ ಇದ್ದಾಳೆ. ಒಂಟಿ ಆದೋರು ಪಕ್ಕದೋರ ಕೈಲಿ ಕರೆಸ್ಕೊಳ್ಳೋದು ಹೊಸದಾ? ಕಿವಿಗಾರ ತಕರಾರು ಮಾಡಲ್ಲ."

ಮಾರನೇ ಸಂಜೆ ಅವನು ಕಲ್ಲಿನ ಮೇಲೆ ಕೂತ. ಊರು ಕರೆಯತೊಡಗಿತು. ಅವನ ಬಾಗಿಲಿಂದ ಬಳೆ ಸದ್ದು ಬಂತು.

"ಗಾರೆಯಣ್ಣೋ! ಊಟಕ್ಕೆ ಬಾ!"

ಬಾಯಿ ತೆರೆದ. ಬಾಯಲ್ಲಿ ಸುಣ್ಣ ತುಂಬಿದ ಹಾಗೆ ಆಯಿತು. ಮಾತು ಬರಲಿಲ್ಲ.

"ಗಾರೆಯಣ್ಣಾ! ಕೇಳಿಸ್ತಾ? ಸಾರು ಮಾಡಿದ್ದೀನಿ, ಬಾರೋ!"

ಬರಲಿಲ್ಲ. ಕಿವಿಗಾರ ಬಂದ. ಬಾಗಿಲ ಮುಂದೆ ನಿಂತ. ತುಂಬ ಹೊತ್ತು ನಿಂತ. ಕುಡಿಕೆಗೆ ಬೆರಳು ಅದ್ದಿದ. ಬೊಟ್ಟು ಇಟ್ಟ.

"ಇನ್ನೊಂದು ಗಳಿಗೆ ಕಾಯಬಾರದಿತ್ತಾ ನೀನು?" ಅಂತ ಬಳೆಗಾರ್ತಿ ಅವನ ಮೇಲೆ ಹರಿಹಾಯ್ದಳು.

"ಕಾದೆನಲ್ಲ, ತಾಯಿ," ಅಂದ ಕಿವಿಗಾರ. "ಅವನ ಗಂಟಲು ಅಲ್ಲಾಡಿದ್ದೂ ಕೇಳಿಸ್ತು. ಮಾತು ಬರಲಿಲ್ಲ."

ಆಮೇಲೆ ದಿನಾ ಅವಳು ಕರೆದಳು. ದಿನಾ ಅವನು ಬಾಯಿ ತೆರೆದ. ಒಂದು ದಿನ ಬೈದು ಕರೆದಳು. ಒಂದು ದಿನ ಅತ್ತು ಕರೆದಳು. ಮಗ್ಗದ ಕೇರಿಯ ದನಿ ಚೆನ್ನಾಗಿದೆ ಅಂತ ಅಲ್ಲಿಂದ ಒಬ್ಬಳನ್ನು ಕರೆತಂದು ಕರೆಸಿದಳು. ಆಕೆ ಕರೆದದ್ದಕ್ಕೆ ಬೇರೆ ಬೀದಿಯ ಇಬ್ಬರು ಗಂಡಸರು ಓಗೊಟ್ಟರು. ಗಾರೆಯವ ಓಗೊಡಲಿಲ್ಲ. ಬೊಟ್ಟು ತೊಂಬತ್ತೈದು. ಬೊಟ್ಟು ತೊಂಬತ್ತಾರು.

ತೊಂಬತ್ತೇಳನೇ ಬೊಟ್ಟು ಇಟ್ಟ ಸಂಜೆ ಕಿವಿಗಾರ ಕಲ್ಲಿನ ಹತ್ತಿರ ಬಂದ. ಅವನು ಯಾರ ಜೊತೆಗೂ ಮಾತಿಗೆ ನಿಲ್ಲುವವನಲ್ಲ. ಅವತ್ತು ನಿಂತ.

"ಗಾರೆಯವನೇ, ನನಗೆ ಈ ಬೊಟ್ಟು ಇಡೋಕೆ ಇಷ್ಟ ಇಲ್ಲ."

"ನಿನ್ನ ಕೆಲಸ. ಇಡು."

"ಒಂದು ಸಲ ಅಂದುಬಿಡು. ನೀನು ಮನಸಿಂದ ಅಂದೆಯೋ ಇಲ್ಲವೋ ನಾನು ಕೇಳಲ್ಲ. ಕಿವಿಗೆ ಬಿದ್ದರೆ ಸಾಕು."

ಗಾರೆಯವ ಕೈ ನೋಡಿಕೊಂಡ. ಈಚೆಗೆ ಕೆಲಸಕ್ಕೆ ಹೋಗಿರಲಿಲ್ಲ. ಬೆರಳ ಸಂದಿಯಲ್ಲಿ ಕೆರೆಯಲು ಏನೂ ಇರಲಿಲ್ಲ.

"ಮೊದಲನೇ ಬೊಟ್ಟು ಯಾವತ್ತು ಇಟ್ಟೆ, ನೆನಪಿದೆಯಾ?"

ಕಿವಿಗಾರ ತಲೆ ತಗ್ಗಿಸಿದ. "ಇದೆ."

"ಅವಳು ಹೋದ ಮಾರನೇ ದಿನ ಅಂತ ಬೀದಿ ಅಂದ್ಕೊಂಡಿದೆ. ಅಲ್ಲ. ಅವಳು ಹೋದ ಸಂಜೆಯೇ ಇಟ್ಟೆ. ಅವತ್ತು ಅವಳು ಕರೆದಳು. ಒಂದು ಸಲ. ನಾನು ಇಲ್ಲೇ ಕೂತಿದ್ದೆ. ಕೇಳಿಸ್ತು. ಎರಡನೇದಕ್ಕೆ ಕಾಯ್ತಾ ಕೂತೆ."

ಕಿವಿಗಾರ ಕುಡಿಕೆ ಕೆಳಗಿಟ್ಟ.

"ಬರಲಿಲ್ಲ. ಸಿಟ್ಟಾಗಿದ್ದಾಳೆ ಅಂದ್ಕೊಂಡೆ. ಇವತ್ತು ಹಟ ಮಾಡ್ತಾಳೆ, ನಾನೂ ಮಾಡೋಣ ಅಂತ ಕೂತೆ. ಪಕ್ಕದ ಮನೇಲಿ ತಟ್ಟೆ ತೊಳೆಯೋ ಸದ್ದು ಬಂದ ಮೇಲೆ ಎದ್ದೆ. ಹೊಸ್ತಿಲ ಮೇಲೆ ಬಿದ್ದಿದ್ದಳು. ಕೈಲಿ ದೀಪ ಇತ್ತು. ಎಣ್ಣೆ ಚೆಲ್ಲಿರಲಿಲ್ಲ."

"ನನಗೆ ಕೇಳಿಸ್ತು," ಅಂದ ಕಿವಿಗಾರ ಮೆಲ್ಲಗೆ. "ಅವಳ ಕರೆ ಕೇಳಿಸ್ತು. ನಿನ್ನದು ಬರಲಿಲ್ಲ. ಬೊಟ್ಟು ಇಟ್ಟು ಮುಂದಿನ ಬೀದಿಗೆ ಹೋದೆ. ಅವಳು ಆಗ ಬಾಗಿಲಲ್ಲಿ ನಿಂತೇ ಇದ್ದಳು."

"ಹೇಗಿದ್ದಳು?"

"ನಾನು ಕಿವಿ ಮಾತ್ರ ತಗೊಂಡು ನಡೆಯೋನು. ಮುಖ ನೋಡೋದಿಲ್ಲ."

 ದೂರದ ಬೀದಿಯಲ್ಲಿ ಯಾರೋ ತಡವಾಗಿ "ಬಂದೆ" ಅಂದರು.

"ಅವಳಿಗೇ ಹೇಳದ ಮಾತನ್ನ ಇನ್ನೊಬ್ಬಳಿಗೆ ಹೇಗೆ ಹೇಳಲಿ?" ಅಂದ ಗಾರೆಯವ. "ಗೋಡೆ ಹೋದರೆ ಹೋಗಲಿ ಅನ್ನೋಣ. ಆದರೆ ಈ ಗೋಡೆ ಹೋದರೆ ಅವಳು ಎಲ್ಲಿಂದ ಕರೆದಳು ಅಂತ ತೋರಿಸೋಕೂ ಜಾಗ ಇಲ್ಲ. ಅದೂ ಆಗಲ್ಲ ನನಗೆ."

ಕಿವಿಗಾರ ಹೋದ. ಗಾರೆಯವ ಅವನ ಬೆನ್ನಿಗೆ ಕೇಳಿದ. "ನಿನ್ನ ಮನೆ ಯಾವ ಬೀದಿ?"

"ನನಗೆಲ್ಲಿ ಮನೆ? ಕರೆಯೋ ಹೊತ್ತಿಗೆ ನಾನು ಊರೆಲ್ಲಾ ಸುತ್ತುತ್ತಿರ್ತೀನಿ. ಛತ್ರದ ಜಗಲಿ ಮೇಲೆ ಮಲಗ್ತೀನಿ."

ತೊಂಬತ್ತೆಂಟು. ತೊಂಬತ್ತೊಂಬತ್ತು.

ಕೊನೆಯ ಸಂಜೆ ಬಂತು. ಬಳೆಗಾರ್ತಿ ಅಕ್ಕಿ ತೊಳೆದು ಅವನ ಒಲೆಯ ಮೇಲಿಟ್ಟಳು. ಸೌದೆ ಒಟ್ಟಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು ಅವನ ಮುಂದೆ ನಿಂತಳು.

"ಇವತ್ತು ಅಂತೀಯಾ?"

ಅವನು ಚಪ್ಪಲಿ ಮೆಟ್ಟಿಕೊಂಡ.

"ಅನ್ನಲ್ಲ ನೀನು. ಎಂಟು ದಿನ ಗಂಟಲು ಹರ್ಕೊಂಡಿದ್ದೀನಿ. ಕಂಬಕ್ಕೆ ಕರೆದಿದ್ದರೆ ಕಂಬ ಬರ್ತಿತ್ತು. ನಾನು ಇವತ್ತು ಕರೆಯಲ್ಲ, ಹೋಗು. ನನ್ನ ಪಾತ್ರೆ ಪಗಡ ಕಟ್ಕೋತೀನಿ." ಸೆರಗಿಂದ ಮೂಗು ಒರೆಸಿಕೊಂಡು ಹೊರಟುಹೋದಳು.

ಅವನು ಕಲ್ಲಿನ ಕಡೆಗೆ ಹೊರಟ. ನಾಲ್ಕು ಹೆಜ್ಜೆ ಇಟ್ಟಿರಬೇಕು. ಹಿಂದೆ ಸುಂಯ್ ಅಂತ ಸದ್ದಾಯಿತು. ಅನ್ನ ಉಕ್ಕಿ ಒಲೆಗೆ ಬೀಳುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ದೀಪದ ಹೊತ್ತು. ಹೊರಗಿನವನು ಒಳಗೆ ಹೋಗುವ ಹೊತ್ತಲ್ಲ. ಸದ್ದು ಇನ್ನೂ ಜೋರಾಯಿತು. ಸೀದ ವಾಸನೆ ಬಂತು. ಅವಳ ಒಲೆ. ಅವಳು ಯಾವತ್ತೂ ಅದರ ಮೇಲೆ ಅನ್ನ ಉಕ್ಕಗೊಟ್ಟವಳಲ್ಲ.

ಅವನು ಒಳಗೆ ಹೋದ.

ಪಾತ್ರೆ ಇಳಿಸಿದ. ಬೆರಳು ಸುಟ್ಟುಕೊಂಡ. ಮುಚ್ಚಳ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಸೌಟು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ತನ್ನದೇ ಮನೆಯಲ್ಲಿ ನೆಂಟನ ಹಾಗೆ ನಿಂತ. ಹೊರಗೆ ಊರು ಕರೆಯತೊಡಗಿತು. ಒಳಗಿಂದ ಅದು ಬೇರೆ ಥರ ಕೇಳುತ್ತಿತ್ತು. ನೂರಾರು ಜನ ಹೊರಗೆ ಒಬ್ಬೊಬ್ಬರನ್ನೇ ಹುಡುಕುತ್ತಿರುವ ಹಾಗೆ.

ದೀಪ ಹಚ್ಚಿದ. ಅದನ್ನು ಹಿಡಿದು ಬಾಗಿಲಿಗೆ ಬಂದ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನೆಲ ಸ್ವಲ್ಪ ತಗ್ಗಾಗಿತ್ತು. ಅಲ್ಲಿ ನಿಂತ. ತಲೆ ಎತ್ತಿದ.

ಎದುರಿಗೆ ಕಲ್ಲು ಕಂಡಿತು.

ಹಗಲೆಲ್ಲಾ ಬಳೆಗಾರ್ತಿಯ ಅಂಗಡಿ ಮುಂದೆ ಬಿದಿರ ತಡಿಕೆ ಇಳಿಬಿಟ್ಟಿರುತ್ತಿತ್ತು. ದೀಪದ ಹೊತ್ತಿಗೆ ಅದನ್ನು ಸುತ್ತಿ ಎತ್ತಿಡುತ್ತಿದ್ದಳು. ಆ ಒಂದು ಹೊತ್ತಿಗೆ ಮಾತ್ರ ಈ ಬಾಗಿಲಿಂದ ಆ ಕಲ್ಲು ಕಾಣುತ್ತದೆ. ಆ ಹೊತ್ತಿಗೆ ಅವನು ಈ ಬಾಗಿಲಲ್ಲಿ ನಿಂತವನೇ ಅಲ್ಲ. ಕಲ್ಲಿನ ಮೇಲೆ ಕೂತು ಈ ಕಡೆ ತಿರುಗಿದವನೂ ಅಲ್ಲ. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ಅಲ್ಲ.

ಹಾಗಾದರೆ ಅವಳಿಗೆ ಕಾಣುತ್ತಿತ್ತು.

ಅವನು ಕೇಳಿಸಿಕೊಂಡೂ ಕೇಳಿಸದ ಹಾಗೆ ಕೂತದ್ದು ಕಾಣುತ್ತಿತ್ತು. ತಲೆ ತಗ್ಗಿಸಿ ಭುಜ ಕುಲುಕುವ ಹಾಗೆ ನಗುತ್ತಿದ್ದದ್ದು ಕಾಣುತ್ತಿತ್ತು. ಗೊತ್ತಿದ್ದೂ ಎರಡನೇ ಸಲ ಕರೆದಳು. ಗೊತ್ತಿದ್ದೂ ಮೂರನೇ ಸಲ ಕರೆದಳು. ತನ್ನ ಕೊನೆಯ ಸಂಜೆಯೂ ಒಂದು ಸಲ ಕರೆದು, ಇಲ್ಲೇ ನಿಂತು, ಅವನನ್ನು ನೋಡುತ್ತಲೇ ಇದ್ದಳು. ಆಟ ಆಡುತ್ತಿದ್ದ ಗಂಡನನ್ನು ನೋಡುತ್ತಾ ಬಿದ್ದಳು.

ಗಾರೆಯವ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕೈಗೆ ಕೆಂಪು ಮೆತ್ತಿತು. ಅಳು ಬಂತು. ಅತ್ತ. ಅಳುವಾಗಲೂ ದೀಪ ನೇರ ಹಿಡಿದಿದ್ದ.

ಕಣ್ಣು ಒರೆಸಿಕೊಂಡು ನೋಡಿದರೆ ಕಲ್ಲಿನ ಮೇಲೆ ಯಾರೋ ಕೂತಿದ್ದರು. ಕಿವಿಗಾರ. ಊರೆಲ್ಲಾ ಸುತ್ತಿ ಬಂದು, ಕೊನೆಯ ಬೊಟ್ಟು ಇಡುವ ಮನಸ್ಸಿಲ್ಲದೆ, ಕುಡಿಕೆ ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಅವನ ಹಿಂದೆ ಬೀದಿ ಖಾಲಿ. ಎಲ್ಲ ಮನೆಯ ಹೊರಗಿನವರೂ ಒಳಗೆ ಹೋಗಿ ಆಗಿತ್ತು. ಇಡೀ ಊರಲ್ಲಿ ಹೊರಗೆ ಉಳಿದವನು ಅವನೊಬ್ಬ.

ಗಾರೆಯವ ಕೆಮ್ಮಿದ. ಕರೆದು ಅವನಿಗೆ ಅಭ್ಯಾಸವಿಲ್ಲ.

"ಏ... ಕಿವಿಗಾರ. ಅನ್ನ ಆಗಿದೆ. ತಳ ಸ್ವಲ್ಪ ಹತ್ತಿದೆ. ಬಂದು—"

"ಬಂದೆ!" ಅಂದ ಕಿವಿಗಾರ.

ಕರೆ ಮುಗಿಯುವ ಮೊದಲೇ ಅಂದುಬಿಟ್ಟಿದ್ದ. ಎದ್ದೂ ನಿಂತಿದ್ದ. ಎದ್ದ ರಭಸಕ್ಕೆ ಕುಡಿಕೆ ಮಗುಚಿ ಕೆಮ್ಮಣ್ಣು ಹರಿಯಿತು. ಆಮೇಲೆ ತಾನು ಏನು ಅಂದೆ ಅಂತ ಅವನಿಗೇ ಗೊತ್ತಾಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಬಳೆಗಾರ್ತಿ ಮನೆಯೊಳಗಿಂದ ಓಡಿಬಂದು ಇಬ್ಬರನ್ನೂ ನೋಡಿ, ಏನೂ ಅನ್ನದೆ, ಉಪ್ಪಿನಕಾಯಿ ತರಲು ವಾಪಸು ಓಡಿದಳು.

ಕಿವಿಗಾರ ಬಾಗಿಲ ಬೊಟ್ಟು ಒರೆಸಿದ. ತೊಂಬತ್ತೊಂಬತ್ತನೇದರಿಂದ ಹಿಂದಕ್ಕೆ ಒಂದೊಂದೇ ಒರೆಸುತ್ತಾ ಬಂದ. ಮೊದಲನೇದರ ಹತ್ತಿರ ಬಟ್ಟೆ ಹೋದಾಗ ಗಾರೆಯವ ಅವನ ಕೈ ಹಿಡಿದ.

"ಅದನ್ನ ಬಿಡು. ಅದು ನಾನು ಮಾಡಿದ್ದು. ಇರಲಿ."

ಕಿವಿಗಾರ ಬಿಟ್ಟ. ಇಬ್ಬರೂ ಉಂಡರು. ಕಿವಿಗಾರ ತಟ್ಟೆಯ ಮುಂದೆ ಹೇಗೆ ಕೂರಬೇಕು ಅಂತ ತಿಳಿಯದವನ ಹಾಗೆ ಕೂತಿದ್ದ.

"ಸೀದ ಅನ್ನ ಹೇಗಿದೆ?" ಬಳೆಗಾರ್ತಿ ಕೇಳಿದಳು.

"ಬಿಸಿ ಇದೆ," ಅಂದ ಕಿವಿಗಾರ.

ಬೆಳಗ್ಗೆ ಪುರಸಭೆ ಕೂತಿತು. ಗಾರೆಯವ ಹಚ್ಚಿದ ನುಣುಪು ಗೋಡೆಯಲ್ಲಿ ಸಭೆಯವರ ಬೆನ್ನು ಕಾಣುತ್ತಿತ್ತು. ಅಧ್ಯಕ್ಷರು ಕೆಟ್ಟವರಲ್ಲ. ಗಡಿಯಾರ ಬಂದರೆ ಕರೆಯುವ ಹೊತ್ತು ಯಾರಿಗೂ ತಪ್ಪುವುದಿಲ್ಲ ಅಂತ ಅವರು ನಂಬಿದ್ದರು. ಹೊಳೆ ಆಚೆಯ ಮನೆಗೆ ಸಭೆ ಕೈ ಎತ್ತಿತು. ಚೌಕದ ಕಲ್ಲಿಗೆ, ಗೋಪುರಕ್ಕೆ ಕೈ ಎತ್ತಿತು.

"ಸುಣ್ಣದ ಬೀದಿ. ಗಾರೆಯವನ ಮನೆ. ನೂರು ತುಂಬಿತಲ್ಲ, ಕಿವಿಗಾರ?"

"ಇಲ್ಲ. ಒಂದಿದೆ."

"ಒಂದಾ?"

"ನೆನ್ನೆ ಕರೆ ಬಂತು. ಓಗೊಟ್ಟಾಯಿತು. ಒರೆಸಿದೆ."

"ಕರೆದವರು ಯಾರು?"

"ಗಾರೆಯವ."

"ಅವನು ಹೊರಗಿನವನಲ್ಲವೇನಯ್ಯಾ? ಮದುವೆ ದಿನ ಅವನ ಹೆಂಡತಿ ಒಳಗೆ ಅಂದದ್ದು ನಾನೇ ಕೇಳಿದ್ದೀನಿ. ಅವಳ ಕೈಲಿ ಹೋಳಿಗೆ ತಿಂದಿದ್ದೀನಿ."

ಗಾರೆಯವ ಜನರ ನಡುವಿಂದ ಎದ್ದ. "ಹೌದು, ಸ್ವಾಮಿ. ಅವಳು ಒಳಗೆ. ಈಗ ಅವಳಿಲ್ಲ. ಒಳಗೆ ಯಾರೂ ಇರಲಿಲ್ಲ. ಅನ್ನ ಉಕ್ಕುತ್ತಿತ್ತು. ನಾನು ಹೋದೆ."

ಸಭೆ ಗುಸುಗುಸು ಅಂದಿತು. ಒಬ್ಬರು ಇರಬೇಕು ಅಂತ ಕಟ್ಟಳೆ. ಯಾರು ಅಂತ ಕಟ್ಟಳೆಯಲ್ಲಿ ಇಲ್ಲ. ಇಷ್ಟು ತಲೆಮಾರಿಗೆ ಯಾರಿಗೂ ಹೊಳೆದಿರಲಿಲ್ಲ.

"ಆಯಿತು. ಓಗೊಟ್ಟದ್ದು ಯಾರು?"

"ನಾನು," ಅಂದ ಕಿವಿಗಾರ.

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. "ಕೇಳುವವನೇ ಓಗೊಟ್ಟರೆ, ಕೇಳಿದವರು ಯಾರಯ್ಯಾ?"

"ನಾವು ಕೇಳಿದ್ವಿ! ಇಡೀ ಬೀದಿ ಕೇಳ್ತು!" ಅಂತ ಬಳೆಗಾರ್ತಿ ಕೂಗಿದಳು.

"ನಿನ್ನ ಕಿವಿ ಲೆಕ್ಕಕ್ಕಿಲ್ಲಮ್ಮ. ಕಿವಿಗಾರನದು ಮಾತ್ರ."

ಕಿವಿಗಾರ ಕಿವಿಗೆ ಕೈ ಹಾಕಿದ. ಒಂಟಿ ಬಿಗಿಯಾಗಿತ್ತು. ತಿರುಗಿಸಿ ತಿರುಗಿಸಿ ತೆಗೆದ. ಸಭೆಯ ಮುಂದೆ ಇಟ್ಟ.

"ಕರೆ ಕೇಳಿದ್ದು ಕಿವಿಗಾರ. ಕೇಳಿದ್ದು ನಿಜ. ಬಂದೆ ಅಂದ ಗಳಿಗೆಯಿಂದ ನಾನು ಕಿವಿಗಾರ ಅಲ್ಲ. ಊಟಕ್ಕೆ ಹೋದೋನು ಒಬ್ಬ ಮನುಷ್ಯ. ಅವನಿಗೆ ಪುರಸಭೆಯ ಕೆಲಸ ಇಲ್ಲ. ಬೇರೆ ಯಾರನ್ನಾದರೂ ನೇಮಿಸ್ಕೊಳ್ಳಿ."

ಯಾರೂ ನಗಲಿಲ್ಲ. ಅಧ್ಯಕ್ಷರು ಒಂಟಿಯನ್ನು ತುಂಬ ಹೊತ್ತು ನೋಡಿದರು.

"ಕರೆಯುವ ಮನೆ ಮುಟ್ಟುವ ಹಾಗಿಲ್ಲ," ಅಂದರು ಕೊನೆಗೆ. "ಬೀದಿ ಇದ್ದಷ್ಟೇ ಇರಲಿ. ಗಾಡಿ ಸುತ್ತು ಹಾಕಿ ಬರಲಿ."

ಗೋಪುರ ಎದ್ದಿತು. ಅದಕ್ಕೆ ಗಾರೆ ಹಚ್ಚಲು ಗಾರೆಯವನಿಗೇ ಹೇಳಿ ಕಳಿಸಿದರು. ಅವನು ಹೋದ. ಕೆಲಸ ಕೆಲಸವೇ. ಒಂಟಿ ತೆಗೆದವನು ಅವನ ಜೊತೆ ಸುಣ್ಣ ಕಲಸಿದ. ಕಿವಿಯ ತೂತು ಮುಚ್ಚುತ್ತಾ ಬಂತು. ಸಂಜೆಯಾದರೆ ಗಾರೆಯವ ಮೊದಲು ಮನೆಗೆ ಹೋಗಿ ಅನ್ನ ಇಡುತ್ತಿದ್ದ. ಇನ್ನೊಬ್ಬ ಕಲ್ಲಿನ ಮೇಲೆ ಕೂರುತ್ತಿದ್ದ. ಕರೆದ ಕೂಡಲೇ ಬರುತ್ತಿದ್ದ. ಸೌಟು ಎಲ್ಲಿದೆ, ಮುಚ್ಚಳ ಎಲ್ಲಿದೆ, ಒಂದೊಂದೇ ಸಿಕ್ಕಿತು. ಅವಳು ಅಕ್ಕಿಯ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಬೆಲ್ಲವೂ ಸಿಕ್ಕಿತು.

ಗಡಿಯಾರಕ್ಕೆ ಚಾಲನೆ ಕೊಟ್ಟ ದಿನ ಊರೆಲ್ಲಾ ಚೌಕದಲ್ಲಿ ಸೇರಿತ್ತು. ಹೊಸ ಕಲ್ಲು ಹೊಳೆಯುತ್ತಿತ್ತು. ಅಧ್ಯಕ್ಷರು ಅತ್ತರು. ಆಮೇಲೆ ಜನ ತಮ್ಮ ತಮ್ಮ ಬೀದಿಗೆ ಹೋದರು. ಒಳಗಿನವರು ಒಳಗೆ. ಹೊರಗಿನವರು ಹೊರಗೆ.

ದೀಪದ ಹೊತ್ತಿಗೆ ಸರಿಯಾಗಿ ಗಡಿಯಾರ ಹೊಡೆಯಿತು.

ಢಣ್ ಅಂದಿತು. ಮತ್ತೆ ಢಣ್ ಅಂದಿತು. ನಿಂತ ನೆಲ ನಡುಗಿತು. ಎಷ್ಟು ಹೊತ್ತು ಹೊಡೆಯಿತೋ. ಅಕ್ಕಸಾಲಿಗರ ಓಣಿ ಕರೆಯಿತು, ಗಾಣದ ಬೀದಿ ಕರೆಯಿತು, ಮಗ್ಗದ ಕೇರಿ ಕರೆಯಿತು. ಬಾಯಿ ಆಡಿದ್ದು ಕಂಡಿತು, ದನಿ ಕೇಳಿಸಲಿಲ್ಲ. ಎಲ್ಲ ಬಾಗಿಲಲ್ಲೂ ಒಬ್ಬೊಬ್ಬರು ದೀಪ ಹಿಡಿದು ನಿಂತಿದ್ದರು. ಎಲ್ಲ ಬೀದಿಯ ಕೊನೆಗೂ ಒಬ್ಬೊಬ್ಬರು ಕಾಯುತ್ತಾ ಕೂತಿದ್ದರು. ಹೊಸ ಕಿವಿಗಾರ ಹೊಸ ಕುಡಿಕೆ ಹಿಡಿದು ಹೊರಟಿದ್ದ.

ಗಾರೆಯವ ಬಾಗಿಲಿಗೆ ಬಂದು ಕರೆದಿದ್ದ. ಒಂದು ಸಲ. ಉತ್ತರ ಬರಲಿಲ್ಲ. ಅವತ್ತು ಕಲ್ಲಿನ ಮುಂದೆ ಯಾರೋ ಗಾಡಿ ನಿಲ್ಲಿಸಿದ್ದರು. ಅಲ್ಲಿ ಕೂತವನು ಕಾಣಲಿಲ್ಲ.

ಅವನು ಎರಡನೇ ಸಲ ಕರೆಯಲಿಲ್ಲ. ಕಾಯಲೂ ಇಲ್ಲ. ದೀಪವನ್ನು ಹೊಸ್ತಿಲ ಪಕ್ಕ ಇಟ್ಟ. ಹೊಸ್ತಿಲು ದಾಟಿದ.

"ಏ, ಏ, ಗಾರೆಯಣ್ಣ!" ಬಳೆಗಾರ್ತಿ ತನ್ನ ಬಾಗಿಲಿಂದ ಕೂಗಿದಳು. "ಕರೆದೋರು ಹೊರಗೆ ಬರಬಾರದು ಕಣೋ! ಯಾರೂ ಬಂದಿಲ್ಲ!"

"ಗೊತ್ತು," ಅಂದ. ನಡೆದ. ಮೊದಲು ಮೆಲ್ಲಗೆ, ಆಮೇಲೆ ಬೇಗ ಬೇಗ. ಗಾಡಿ ಬಳಸಿಕೊಂಡು ಕಲ್ಲಿನ ಹತ್ತಿರ ಹೋದಾಗ ಅವನಿಗೆ ಏದುಸಿರು. ಆ ಮನುಷ್ಯ ಅಲ್ಲೇ ಇದ್ದ. ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಇವನನ್ನು ನೋಡಿ ಗಾಬರಿಯಾಗಿ ಕೈ ತೆಗೆದ.

"ಏನಾಯ್ತು? ಯಾಕೆ ಬಂದೆ ನೀನು?"

"ಕರೆದೆ."

"ಕೇಳಿಸಲಿಲ್ಲ ಮಾರಾಯ. ಗಡಿಯಾರ..."

"ಅದಕ್ಕೇ ಬಂದೆ."

ಗಾರೆಯವ ಅವನ ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಬೀದಿಯಲ್ಲಿ ನಡೆದುಬಂದರು. ಬಳೆಗಾರ್ತಿಯ ಸೊಸೆ ಅದನ್ನು ನೋಡಿದಳು. ಕೈಯಲ್ಲಿದ್ದ ಸೌಟು ಇಟ್ಟು, ಹೊಸ್ತಿಲು ದಾಟಿ, ಮಾವನನ್ನು ಹುಡುಕಿಕೊಂಡು ಹೊರಟಳು. ಆಚೆ ಮನೆಯವರೂ ಹೊರಟರು. ಹೊಸ ಕಿವಿಗಾರ ಬೀದಿಯ ನಡುವೆ ನಿಂತು ಅತ್ತ ಇತ್ತ ನೋಡಿದ. ಬೆರಳಲ್ಲಿದ್ದ ಕೆಮ್ಮಣ್ಣು ಒಣಗುತ್ತಿತ್ತು. ಯಾವ ಬಾಗಿಲಿಗೆ ಇಡಬೇಕೋ ಅವನಿಗೆ ತಿಳಿಯಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅನ್ನ ಆರಿಹೋಗಿತ್ತು. ಆರಿದ್ದನ್ನೇ ಉಂಡರು.